ಬದುಕಿಸಿದ ಮೇಲೆ ಎಬ್ಬಿಸುವುದು ಯಾರ ಹೊಣೆ?

ಪಿಂಪ್ರಿ-ಚಿಂಚವಾಡದಲ್ಲಿ ಇರುವವರಿಗೆ ನೆಹರೂನಗರದ ಅಣ್ಣಾಸಾಹೇಬ ಮಗರ ಕ್ರೀಡಾಂಗಣ ಗೊತ್ತು. 2020ರಲ್ಲಿ ಅಲ್ಲಿ ನೋಡನೋಡುತ್ತಲೇ ಸುಮಾರು 800 ಹಾಸಿಗೆಗಳ ಜಂಬೋ ಕೋವಿಡ್ ಆಸ್ಪತ್ರೆ ಎದ್ದಿತು. ಸಂತ ತುಕಾರಾಮ ನಗರದ ಯಶವಂತರಾವ್ ಚವಾಣ್ ಸ್ಮಾರಕ ಆಸ್ಪತ್ರೆ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ವೈಸಿಎಂ, ಅದಕ್ಕೂ ಮೊದಲೇ ಕೋವಿಡ್‌ಗೆ ಮೀಸಲಾಗಿತ್ತು. ಆ ದಿನಗಳಲ್ಲಿ ಊರಿಗೆ ಊರೇ ಕೇಳುತ್ತಿದ್ದದ್ದು ಮೂರು ಪ್ರಶ್ನೆ: ಬೆಡ್ ಇದೆಯಾ, ಆಕ್ಸಿಜನ್ ಇದೆಯಾ, ವೆಂಟಿಲೇಟರ್ ಸಿಗುತ್ತದಾ? ಉಳಿದುಕೊಂಡವರು ಎದ್ದು ನಡೆಯುತ್ತಾರಾ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಐಸಿಯುದಲ್ಲಿ ಮಲಗಿದ ದೇಹ ಬೇಗ ಸವೆಯುತ್ತದೆ. 2013ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ತೀವ್ರ ರೋಗಿಗಳ ತೊಡೆಯ ಸ್ನಾಯು ಹತ್ತೇ ದಿನಗಳಲ್ಲಿ ಸುಮಾರು ಶೇ. 18ರಷ್ಟು ಕರಗಿತ್ತು. ಕೋವಿಡ್ ರೋಗಿಗಳಲ್ಲಿ ಎಷ್ಟೋ ಮಂದಿ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದರು. ಮಂಪರಿನ ಔಷಧ, ಕೆಲವರಿಗೆ ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ಔಷಧ, ದಿನಕ್ಕೆ ಹದಿನಾರು ಗಂಟೆಯವರೆಗೂ ಬೋರಲು ಮಲಗಿಸುವ ಕ್ರಮ. ಹೀಗೆ ಉಳಿದು ಬಂದವನಿಗೆ ಲೋಟ ಎತ್ತುವುದೂ ಕಷ್ಟವಾಗಬಹುದು, ಮೆಟ್ಟಿಲಂತೂ ದೂರದ ಮಾತು.

ಇದಕ್ಕೆ ವೈದ್ಯರು ಕಂಡುಕೊಂಡ ಒಂದು ದಾರಿ, ರೋಗಿಯನ್ನು ಆದಷ್ಟು ಬೇಗ ಚಲಿಸುವಂತೆ ಮಾಡುವುದು. ಮೊದಲು ಕೈಕಾಲು ಆಡಿಸುವುದು, ಆಮೇಲೆ ಮಂಚದ ಅಂಚಿಗೆ ಕೂರಿಸುವುದು, ಕುರ್ಚಿಗೆ ದಾಟಿಸುವುದು, ನಿಲ್ಲಿಸುವುದು. ಗಂಟಲಲ್ಲಿ ನಳಿಗೆ ಇದ್ದಾಗಲೇ ಇದನ್ನು ಶುರುಮಾಡಬಹುದು. 2009ರಲ್ಲಿ ಅಮೆರಿಕದಲ್ಲಿ 104 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಹೀಗೆ ಬೇಗ ಎಬ್ಬಿಸಿದವರಲ್ಲಿ ಶೇ. 59ರಷ್ಟು ಮಂದಿ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು, ಉಳಿದವರಲ್ಲಿ ಶೇ. 35.

ನೈತಿಕ ತೊಡಕು ಇಲ್ಲಿಂದ ಆರಂಭ. ವೆಂಟಿಲೇಟರ್ ಮೇಲಿರುವ ಒಬ್ಬನನ್ನು ಕೂರಿಸಲು ಮೂರ್ನಾಲ್ಕು ಜನ ಬೇಕು. ನಳಿಗೆ ಹಿಡಿಯಲು ಒಬ್ಬರು, ಬೆನ್ನಿಗೆ ಒಬ್ಬರು, ಕಾಲಿಗೆ ಒಬ್ಬರು. ಎಲ್ಲರೂ ಪಿಪಿಇ ಕಿಟ್ಟಿನೊಳಗೆ ಬೆವರುತ್ತಿರುವವರೇ. ಆ ಅರ್ಧ ಗಂಟೆಯಲ್ಲಿ ಪಕ್ಕದ ಹಾಸಿಗೆಯವನ ಉಸಿರು ಸಿಕ್ಕಿಕೊಂಡರೆ? ಜೀವ ಮೊದಲು, ನಡಿಗೆ ಆಮೇಲೆ ಎಂಬ ಉತ್ತರ ಸಹಜವಾಗಿಯೇ ಬರುತ್ತದೆ. ಅದು ಕಠೋರವಾದ ಉತ್ತರವಲ್ಲ. ಆ ಹೊತ್ತಿನಲ್ಲಿ ಅಲ್ಲಿ ನಿಂತವರು ಹಾಗೆ ನಿರ್ಧರಿಸಿದ್ದರೆ ಅವರನ್ನು ದೂರುವ ಹಕ್ಕು ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನಮಗಿಲ್ಲ.

ಆದರೆ ಆ ಉತ್ತರದೊಳಗೆ ಒಂದು ಲೆಕ್ಕ ಅಡಗಿದೆ. ಉಳಿದ ಜೀವಗಳನ್ನು ಅದು ಒಂದು, ಎರಡು ಎಂದು ಸಮವಾಗಿ ಎಣಿಸುತ್ತದೆ. ಉಳಿಸಿಹೋದ ದೌರ್ಬಲ್ಯ ಮಾತ್ರ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಹಿಂಜವಡಿಯ ಐಟಿ ಕಂಪನಿಯವನಿಗೆ ರಜೆಯಿದೆ, ವಿಮೆಯಿದೆ, ಕೂತಲ್ಲೇ ಮಾಡುವ ಕೆಲಸವಿದೆ. ಭೋಸರಿಯಲ್ಲಿ ಲಾರಿಗೆ ಮಾಲು ತುಂಬುವವನಿಗೆ, ಕಲಬುರಗಿಯಿಂದಲೋ ಯಾದಗಿರಿಯಿಂದಲೋ ಬಂದು ಕಟ್ಟಡದ ಕೆಲಸಕ್ಕೆ ನಿಂತವನಿಗೆ, ತೊಡೆಯ ಬಲವೇ ಸಂಬಳ. ಇಬ್ಬರಿಗೂ ಒಂದೇ ಬಗೆಯ ವೆಂಟಿಲೇಟರ್ ಕೊಟ್ಟು ಇಬ್ಬರನ್ನೂ ಎಬ್ಬಿಸದೆ ಬಿಟ್ಟರೆ ಸಮಾನವಾಗಿ ಕಂಡಂತೆ ತೋರುತ್ತದೆ, ನಷ್ಟ ಮಾತ್ರ ಒಬ್ಬನ ಮನೆಗೇ ಹೆಚ್ಚು ತಟ್ಟುತ್ತದೆ.

ಹಾಗೆಂದು ಎಲ್ಲರನ್ನೂ ಹೇಗಾದರೂ ಎಬ್ಬಿಸಿ ನಿಲ್ಲಿಸುವುದೇ ಧರ್ಮ ಎನ್ನಲೂ ಆಗದು. 2022ರಲ್ಲಿ 750 ರೋಗಿಗಳ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗವೊಂದು ಪ್ರಕಟವಾಯಿತು. ಎಂದಿನ ಆರೈಕೆಯಲ್ಲೂ ಒಂದಿಷ್ಟು ಚಲನೆ ಇದ್ದೇ ಇತ್ತು; ಅದಕ್ಕಿಂತ ಹೆಚ್ಚು ಮತ್ತು ಬೇಗ ಚಲಿಸುವಂತೆ ಮಾಡಿದ್ದರಿಂದ ಆರು ತಿಂಗಳ ಹೊತ್ತಿಗೆ ಗಮನಾರ್ಹ ಲಾಭ ಕಾಣಲಿಲ್ಲ, ಹೃದಯಬಡಿತ ಮತ್ತು ರಕ್ತದೊತ್ತಡದ ಏರುಪೇರಿನಂಥ ತೊಂದರೆಗಳೇ ಹೆಚ್ಚಿದವು. ಹಾಗಾದರೆ ರೋಗಿಗೆ ನಾವು ಕೊಡಬೇಕಾದದ್ದು ಇಂತಿಷ್ಟು ಹೆಜ್ಜೆ ಎಂಬ ಕೋಟಾ ಅಲ್ಲ. ಈ ಮನುಷ್ಯ ಇವತ್ತು ಎಷ್ಟು ಅಲುಗಬಲ್ಲ ಎಂದು ದಿನಕ್ಕೊಮ್ಮೆ ನೋಡುವ ಗಮನ.

ಆ ಗಮನಕ್ಕೆ ಕೈ ಬೇಕು, ಮಾತೂ ಬೇಕು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯನ್ನು ಮಗ್ಗುಲಾಗಿಸುವುದು, ತಿನ್ನಿಸುವುದು, ಭುಜ ಕೊಟ್ಟು ನಡೆಸುವುದು ಬಹುಪಾಲು ಮನೆಯವರೇ. ಕೋವಿಡ್ ವಾರ್ಡಿನ ಬಾಗಿಲು ಅವರನ್ನೇ ಹೊರಗಿಟ್ಟಿತು. ಅರೆಮಂಪರಿನಲ್ಲಿರುವ ವಿಜಯಪುರದ ಅಜ್ಜನಿಗೆ 'ಉಠಾ, ಬಸಾ' ಎಂದರೆ ಎಷ್ಟು ಕೇಳಿಸೀತು? 'ಏಳ್ರಿ, ಸ್ವಲ್ಪ ಕಾಲು ಎತ್ರಿ' ಎನ್ನುವ ಒಂದು ದನಿ ಆ ಹೊತ್ತಿಗೆ ಚಿಕಿತ್ಸೆಯ ಭಾಗವೇ.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಯಂತ್ರಗಳು ಸಾಲಲಿಲ್ಲ. ವೈದ್ಯ ಬಿಯೋರ್ನ್ ಇಬ್ಸೆನ್ ತೋರಿಸಿದ ಕ್ರಮದಂತೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು, ರಬ್ಬರ್ ಚೀಲ ಒತ್ತುತ್ತ ರೋಗಿಗಳಿಗೆ ಉಸಿರು ಕೊಟ್ಟರು. ಇಂದಿನ ಐಸಿಯು ಹುಟ್ಟಿದ್ದೇ ಆ ಕೈಗಳಿಂದ. ನಾವು 2020ರಲ್ಲಿ ಯಂತ್ರಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ನರ್ಸು, ಫಿಸಿಯೋಥೆರಪಿಸ್ಟು, ವಾರ್ಡ್‌ಬಾಯ್‌ಗಳನ್ನು ಎಣಿಸಲಿಲ್ಲ. ಮಷೀನ್ ತಂದಿಟ್ಟ ಮಾತ್ರಕ್ಕೆ ಉತ್ಪಾದನೆ ಆಗುವುದಿಲ್ಲ, ಶಿಫ್ಟಿಗೆ ಆಪರೇಟರ್ ಬೇಕು ಎಂಬುದು ಈ ಎಂಐಡಿಸಿ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

ನನಗೆ ತೋಚುವುದು ಇಷ್ಟು. ತುರ್ತಿನಲ್ಲಿ ಯಾವುದನ್ನೋ ಬಿಡಬೇಕಾಗುತ್ತದೆ, ಬಿಟ್ಟದ್ದು ಸರಿಯೂ ಇರಬಹುದು. ಸರಿಯಾಗಿದ್ದ ಮಾತ್ರಕ್ಕೆ ಬಾಕಿ ಚುಕ್ತಾ ಆಗುವುದಿಲ್ಲ. ಎಬ್ಬಿಸಲಾಗದೆ ಹೋದವನ ಚೀಟಿಯಲ್ಲಿ ಅದನ್ನು ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ಡಿಸ್ಚಾರ್ಜ್ ಆದ ಮೇಲೆ ವ್ಯಾಯಾಮ ಹೇಳಿಕೊಡಲು ಒಬ್ಬರು ಸಿಗಬೇಕು. ಆ ಸಾಲ ಆಸ್ಪತ್ರೆಯೊಂದರದೇ ಅಲ್ಲ. ಅವನು ಕೆಲಸಕ್ಕೆ ಮರಳುವವರೆಗೆ ಕಾಯುವ ಗುತ್ತಿಗೆದಾರನದು, ಬಾಡಿಗೆಗೆ ಎರಡು ತಿಂಗಳು ಗಡುವು ಕೊಡುವ ಮನೆಮಾಲಿಕನದು, ಪಕ್ಕದ ಖೋಲಿಯಲ್ಲಿದ್ದು ಅವನ ಭಾಷೆ ಬಲ್ಲ ನಮ್ಮದೂ ಹೌದು.