ಕಾದು ಕುಳಿತ ಆಟಗಾರನಿಗೆ ಸಲ್ಲಬೇಕಾದುದು

ಹನ್ನೊಂದು ಮಂದಿ ಆಡುವ ಆಟಕ್ಕೆ ಹದಿನೈದು ಮಕ್ಕಳನ್ನು ಕರೆದೊಯ್ಯುವ ತರಬೇತುದಾರನು ಉಳಿದ ನಾಲ್ವರಿಗೆ ಏನನ್ನು ಸಲ್ಲಿಸಬೇಕು? ಮೇಲ್ನೋಟಕ್ಕೆ ಈ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಮಿತವಾದುದನ್ನು ಅನೇಕರಿಗೆ ಹಂಚುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಧರ್ಮವೇನು ಎಂಬ ಪುರಾತನ ಜಿಜ್ಞಾಸೆಯೇ ಇಲ್ಲಿ ಮಕ್ಕಳ ಆಟದ ರೂಪವನ್ನು ತಾಳಿ ನಿಂತಿದೆ.

ಬೆಂಗಳೂರಿನ ಉತ್ತರ ಭಾಗದ ಅಮೃತಹಳ್ಳಿ, ಜಕ್ಕೂರು, ಯಲಹಂಕಗಳ ಮನೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಬಳ್ಳಾರಿ ರಸ್ತೆಯಲ್ಲಿ ಮುಂದೆ ಸಾಗಿದರೆ ವಿಮಾನ ನಿಲ್ದಾಣದ ಸಮೀಪದಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಉತ್ಕೃಷ್ಟತಾ ಕೇಂದ್ರವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಕನಸು ಮನೆಯ ಹತ್ತಿರಕ್ಕೇ ಬಂದಂತಾಯಿತು. ಆದರೆ ಆ ಕನಸಿನ ಮೊದಲ ಮೆಟ್ಟಿಲು ಭಾನುವಾರದ ಒಂದು ಪಂದ್ಯ. ಶುಲ್ಕ ತೆತ್ತು, ನಸುಕಿನಲ್ಲೆದ್ದು, ಬ್ಯಾಟಿನ ಚೀಲವನ್ನು ಹೊತ್ತು ಬಂದ ಬಾಲಕನು ದಿನವಿಡೀ ನೀರಿನ ಬಾಟಲಿಗಳನ್ನು ಒಯ್ಯುತ್ತಾ ಕಳೆಯುವುದೂ ಉಂಟು. ಕ್ರಿಕೆಟ್ಟಿನ ಹನ್ನೆರಡನೆಯ ಆಟಗಾರನು ಇನ್ನೊಬ್ಬನ ಬದಲಿಗೆ ಕ್ಷೇತ್ರರಕ್ಷಣೆ ಮಾಡಬಹುದೇ ಹೊರತು, ಸಾಮಾನ್ಯವಾಗಿ ಬ್ಯಾಟು ಹಿಡಿಯುವಂತಿಲ್ಲ, ಚೆಂಡೆಸೆಯುವಂತಿಲ್ಲ.

ಯೋಗ್ಯನಾದವನೇ ಆಡಲಿ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಶ್ರಮಪಟ್ಟು ಕಲಿತವನನ್ನು ಹೊರಗಿರಿಸಿ ಅಭ್ಯಾಸಕ್ಕೇ ಬಾರದವನನ್ನು ಆಡಿಸುವುದು ಸಮಾನತೆಯಲ್ಲ. ಅದು ಶ್ರಮಕ್ಕೆ ಮಾಡುವ ಅವಮಾನ. ಗೆಲುವಿನ ಆಸೆಯೂ ದೋಷವಲ್ಲ. ಗೆಲ್ಲಬೇಕೆಂಬ ಹಂಬಲವಿಲ್ಲದಿದ್ದರೆ ಆಟದಲ್ಲಿ ಏಕಾಗ್ರತೆಯಾಗಲಿ ಶಿಸ್ತಾಗಲಿ ನೆಲೆಸದು.

ಆದರೆ ಹನ್ನೆರಡು ವರ್ಷದ ಬಾಲಕನ ಯೋಗ್ಯತೆಯನ್ನು ಅಳೆಯುವುದು ಹೇಗೆ? ಪಂದ್ಯದ ಒತ್ತಡವನ್ನು ಪಂದ್ಯದಲ್ಲಿಯೇ ಕಲಿಯಬೇಕು; ಬಲೆಯೊಳಗಿನ ಅಭ್ಯಾಸ ಅದಕ್ಕೆ ಪರ್ಯಾಯವಲ್ಲ. ಆಡಿಸದೆ ಇಟ್ಟು, ಆಡಲು ಬಾರದೆಂದು ತೀರ್ಪಿತ್ತು, ಆ ತೀರ್ಪನ್ನೇ ಕಾರಣವಾಗಿಸಿ ಮತ್ತೆ ಆಡಿಸದಿರುವುದು ಕೊನೆಯಿಲ್ಲದ ಚಕ್ರ. ಕೆನಡಾದ ಐಸ್ ಹಾಕಿ ಆಟಗಾರರನ್ನು ಕುರಿತು 1985ರಲ್ಲಿ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಈ ಚಕ್ರದ ಒಂದು ಮುಖವನ್ನು ತೋರಿಸಿತು. ವರ್ಷದ ಆರಂಭದ ತಿಂಗಳುಗಳಲ್ಲಿ ಜನಿಸಿದವರೇ ಮೇಲಿನ ತಂಡಗಳಲ್ಲಿ ಅಧಿಕವಾಗಿದ್ದರು. ವಯೋಮಿತಿಯ ದಿನಾಂಕದಿಂದಾಗಿ ಕೆಲವು ತಿಂಗಳಷ್ಟು ಹಿರಿಯನಾದ ಬಾಲಕನ ಮೈಬೆಳವಣಿಗೆಯೇ ಪ್ರತಿಭೆಯೆಂಬಂತೆ ಕಂಡು, ಅವನಿಗೆ ಹೆಚ್ಚು ಅವಕಾಶ ಒದಗಿ, ಕಾಲಕ್ರಮದಲ್ಲಿ ಅವನು ನಿಜಕ್ಕೂ ಮುಂದಾಗುತ್ತಾನೆ. ಅರ್ಹತೆಯೆಂದು ಭಾವಿಸಿದ್ದರಲ್ಲಿ ಎಷ್ಟೋ ಪಾಲು ಜನ್ಮದ ತಿಂಗಳಿನ ಕೊಡುಗೆ.

ಬೆಂಗಳೂರಿನಲ್ಲಿಯೇ ಬೆಳೆದ ರಾಹುಲ್ ದ್ರಾವಿಡ್ ಅವರು 2015ರಿಂದ ಭಾರತದ ‘ಎ’ ತಂಡಕ್ಕೂ 19 ವರ್ಷದೊಳಗಿನವರ ತಂಡಕ್ಕೂ ತರಬೇತುದಾರರಾಗಿದ್ದರು. ಪ್ರವಾಸಕ್ಕೆ ಹೋಗಿಯೂ ಆಡದೆ ಮರಳುವ ನೋವನ್ನು ಕಿರಿಯ ವಯಸ್ಸಿನಲ್ಲಿ ತಾವೇ ಉಂಡಿದ್ದುದಾಗಿಯೂ, ಆದಕಾರಣ ‘ಎ’ ತಂಡದ ಪ್ರವಾಸಕ್ಕೆ ಬಂದವರಾರೂ ಪಂದ್ಯವಾಡದೆ ಹಿಂದಿರುಗುವುದಿಲ್ಲವೆಂದು ಮೊದಲೇ ತಿಳಿಸುತ್ತಿದ್ದುದಾಗಿಯೂ ಅವರು 2021ರಲ್ಲಿ ಹೇಳಿದರು. ಕಿರಿಯರ ವಿಶ್ವಕಪ್ಪಿನಲ್ಲಿ ಒಬ್ಬನು ಒಂದೇ ಬಾರಿ ಆಡತಕ್ಕದ್ದೆಂಬ ನಿಯಮವೂ ಅವರ ಅವಧಿಯಲ್ಲಿಯೇ ಬಂದಿತು. ಒಮ್ಮೆ ಉಂಡವನು ಎಲೆಯಿಂದ ಎದ್ದು ಇನ್ನೊಬ್ಬನಿಗೆ ಸ್ಥಳ ಬಿಡಬೇಕೆಂಬ ಪಂಕ್ತಿಯ ನ್ಯಾಯವಿದು. 2018ರಲ್ಲಿ ಭಾರತವು ಆ ಕಪ್ಪನ್ನು ಗೆದ್ದಿತು. ಹಂಚಿಕೊಂಡದ್ದರಿಂದಲೇ ಗೆದ್ದರೆಂದು ಹೇಳಲಾಗದು. ಹಂಚಿಕೊಂಡರೆ ಸೋಲು ನಿಶ್ಚಿತವೆಂಬ ಭಯಕ್ಕೆ ಮಾತ್ರ ಆಧಾರ ಉಳಿಯಲಿಲ್ಲ.

ಅಮೆರಿಕದ ಲಿಟಲ್ ಲೀಗ್ ಸಂಸ್ಥೆಯು ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಆಟಗಳಲ್ಲಿ ಪ್ರತಿ ಮಗುವಿಗೂ ಇಂತಿಷ್ಟು ಆಟ ದೊರೆಯಲೇಬೇಕೆಂದು ನಿಯಮವನ್ನೇ ಮಾಡಿದೆ. ಸಾಫ್ಟ್‌ಬಾಲಿನಲ್ಲಿ ಆರಂಭದ ಆಟಗಾರ್ತಿಯೊಬ್ಬಳು ಹೊರಬಂದು ಮತ್ತೊಮ್ಮೆ ಒಳಹೋಗಲು ಆಸ್ಪದವಿರುವುದರಿಂದ ಹಂಚಿಕೆ ಸುಲಭ. ಆದರೂ ನಿಯಮವು ಕಾಲವನ್ನು ಅಳೆಯಬಲ್ಲುದು, ಮನಸ್ಸನ್ನು ಅಳೆಯಲಾರದು. ಬಾಲಕನನ್ನು ಹನ್ನೊಂದನೆಯ ಕ್ರಮಾಂಕದಲ್ಲಿರಿಸಿ, ಚೆಂಡು ಬಾರದ ಬೌಂಡರಿಯಲ್ಲಿ ನಿಲ್ಲಿಸಿ, ಆಡಿಸಿದೆನೆಂದು ಲೆಕ್ಕ ಒಪ್ಪಿಸುವುದು ದಾನವಿತ್ತಂತೆ ನಟಿಸುವುದಕ್ಕೆ ಸಮ.

ಆದುದರಿಂದ ಈ ಋಣವನ್ನು ಮಗುವಿನ ವಯಸ್ಸಿಗೆ ತಕ್ಕಂತೆ ನಿರ್ಣಯಿಸುವುದು ಯುಕ್ತ. ಕಲಿಕೆಯ ವಯಸ್ಸಿನಲ್ಲಿ ಆಟವೇ ಪಾಠ. ಶುಲ್ಕ ಪಡೆದು ಪಾಠವನ್ನು ತಡೆಹಿಡಿಯುವುದು ಅನ್ಯಾಯ. ಬೆಳೆದಂತೆ ಸ್ಪರ್ಧೆಯ ಪಾಲು ಹೆಚ್ಚಲಿ. ರಾಜ್ಯವನ್ನು ಪ್ರತಿನಿಧಿಸುವ ಹೊತ್ತಿಗೆ ಯೋಗ್ಯತೆಯೇ ಪ್ರಧಾನವಾಗಲಿ. ಆದರೆ ಎಲ್ಲ ವಯಸ್ಸಿಗೂ ಸಮಾನವಾದ ಒಂದು ಕರ್ತವ್ಯವಿದೆ, ಅದು ಸತ್ಯವನ್ನು ಮೊದಲೇ ತಿಳಿಸುವುದು. ಈ ಪ್ರವಾಸದಲ್ಲಿ ನಿನಗೆ ಅವಕಾಶ ಇಷ್ಟು, ಕಾರಣ ಇದು, ತಿದ್ದಿಕೊಳ್ಳಬೇಕಾದುದು ಇದು ಎಂದು ಹೇಳಿಸಿಕೊಂಡ ಬಾಲಕನು ನೊಂದರೂ ವಂಚಿತನಾಗುವುದಿಲ್ಲ.

ಹೆತ್ತವರಿಗೂ ಇದರಲ್ಲಿ ಪಾಲುಂಟು. ತಮ್ಮ ಮಗನು ಹೊರಗುಳಿದ ದಿನ ನ್ಯಾಯವನ್ನು ಕೇಳುವವರು, ಅವನು ಇಡೀ ದಿನ ಬ್ಯಾಟು ಬೀಸಿದಾಗ ಹೊರಗುಳಿದ ಇನ್ನೊಬ್ಬರ ಮಗನ ಹೆಸರನ್ನಾದರೂ ವಿಚಾರಿಸಿದರೆ, ಅವರು ಕೇಳುವ ನ್ಯಾಯ ನ್ಯಾಯವೆನಿಸೀತು.