ರೊಕ್ಕ ಮುಟ್ಟಿದ ಕೈ

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಜಾತ್ರೆ ಎಂದರೆ ತೇರಿಗೆ ಬಾಳೆಹಣ್ಣು ಎಸೆದು ಮನೆಗೆ ಬರುವುದಷ್ಟೇ ಅಲ್ಲ. ಕುಸ್ತಿ ಇರಬೇಕು, ರಾತ್ರಿ ನಾಟಕ ಇರಬೇಕು. ಈಚಿನ ವರ್ಷಗಳಲ್ಲಿ ಕಬಡ್ಡಿಯೂ ಜೊತೆಗೂಡಿದೆ. ‘ಹೊನಲು ಬೆಳಕಿನ ಪಂದ್ಯಾವಳಿ’ ಎಂದು ಬ್ಯಾನರು ಕಟ್ಟುತ್ತಾರೆ. ಮೊದಲ ಬಹುಮಾನ ಇಷ್ಟು, ಎರಡನೆಯದು ಇಷ್ಟು, ಜೊತೆಗೊಂದು ಆಳೆತ್ತರದ ಕಪ್ಪು. ಬಹುಮಾನ ಕೊಡುವ ದಾನಿಗಳ ಫೋಟೋ ಮಾತ್ರ ದೇವರ ಫೋಟೋಕ್ಕಿಂತ ದೊಡ್ಡದು! ಗೆಲ್ಲಲೇಬೇಕೆಂದು ಹಟ ತೊಟ್ಟ ಊರಿನವರು ಹೊರಗಿನಿಂದ ಒಬ್ಬಿಬ್ಬರು ಒಳ್ಳೆಯ ಆಟಗಾರರನ್ನು ಕರೆಸಿಕೊಳ್ಳುತ್ತಾರೆ. ಬಸ್ ಚಾರ್ಜು, ಊಟ, ಮೇಲೆ ಒಂದಿಷ್ಟು ರೊಕ್ಕ. ಹಾಗೆ ಬರುವವರಲ್ಲಿ ಕಾಲೇಜು ಹುಡುಗರೇ ಹೆಚ್ಚು. ಅಲ್ಲೊಬ್ಬಳು ಇಲ್ಲೊಬ್ಬಳು ಹುಡುಗಿಯೂ ಉಂಟು.

ಹೀಗೆ ರೊಕ್ಕ ತೆಗೆದುಕೊಂಡು ಆಡಿದವರು ಮುಂದಿನ ತಿಂಗಳು ಕಾಲೇಜಿನ ಜೆರ್ಸಿ ತೊಟ್ಟು ಅಂತರ ಕಾಲೇಜು ಪಂದ್ಯಕ್ಕೆ ಇಳಿಯಬಹುದೇ? ಮನೆ, ಮಕ್ಕಳು, ನೌಕರಿ ಎಂದು ಹೈರಾಣಾಗಿರುವ ನಮಗೇಕೆ ಈ ಉಸಾಬರಿ ಎನ್ನಬೇಡಿ. ಈ ಪ್ರಶ್ನೆಯ ಬೇರು ನಮ್ಮ ಅಡುಗೆಮನೆಯವರೆಗೂ ಬರುತ್ತದೆ.

ನಮ್ಮ ಓಣಿಯಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳಿದ್ದಾಳೆ. ತಂದೆ ಹಮಾಲಿ. ಎರಡು ಜಾತ್ರೆಗಳಲ್ಲಿ ಆಡಿ ಬಂದ ರೊಕ್ಕದಲ್ಲಿ ಒಂದು ಜೊತೆ ಶೂ ಕೊಂಡಳು. ಅವಳ ಕಾಲೇಜಿನಲ್ಲೇ ಆಡುವ ಇನ್ನೊಬ್ಬ ಹುಡುಗಿಯ ತಾಯಿಗೆ ಇದು ಸರಿಬೀಳಲಿಲ್ಲ. “ನಮ್ಮಾಕಿ ಆಸೆಗೆ ಆಡ್ತಾಳ, ಆಕಿ ರೊಕ್ಕಕ್ಕ ಆಡ್ತಾಳ. ಇಬ್ಬರನ್ನೂ ಒಂದೇ ತಕ್ಕಡ್ಯಾಗ ಇಟ್ಟರ ಹೆಂಗ್ರಿ ಅಕ್ಕಾರೆ?” ಎಂದರು. ಅವರ ಮಗಳು ಎರಡು ಬೇಸಿಗೆ ಬೆಂಗಳೂರಿಗೆ ಹೋಗಿ ಫೀಸು ಕಟ್ಟಿ ತರಬೇತಿ ಪಡೆದು ಬಂದವಳು. ಹಮಾಲಿಯ ಮಗಳನ್ನು ಕೇಳಿದರೆ ಅವಳದು ಒಂದೇ ಮಾತು: “ಶೂ ಪುಕ್ಕಟೆ ಬರ್ತಾವೇನ್ರಿ ಆಂಟಿ?”

ಆ ತಾಯಿಯ ಮಾತನ್ನು ಮನಸ್ಸಿನಲ್ಲೇ ಮಗುಚಿ ನೋಡಿದೆ. ರೊಕ್ಕ ಕೊಟ್ಟು ಆಟ ಕಲಿತವಳು ಶುದ್ಧ, ಆಟ ಆಡಿ ರೊಕ್ಕ ಪಡೆದವಳು ಮೈಲಿಗೆ. ಎರಡು ಕಡೆಯೂ ರೊಕ್ಕವೇ ಇದೆ. ಹರಿಯುವ ದಿಕ್ಕು ಮಾತ್ರ ಬೇರೆ.

ಈ ಮೈಲಿಗೆ ನಮ್ಮ ನೆಲದ್ದು ಅಂತಲೂ ನನಗೆ ಅನ್ನಿಸುವುದಿಲ್ಲ. ನಮ್ಮ ಗರಡಿ ಮನೆಗಳ ಪೈಲ್ವಾನರಿಗೆ ಹಾಲು, ಬಾದಾಮಿ ಎಂದು ಊರವರೇ ಕೊಡುತ್ತಿದ್ದರು. ಗೆದ್ದವನ ಕೈಗೆ ಬೆಳ್ಳಿ ಕಡಗ ತೊಡಿಸಿ ಮೆರವಣಿಗೆ ಮಾಡುತ್ತಿದ್ದರು. ಬಹುಮಾನ ಪಡೆದ ಪೈಲ್ವಾನ ಹಾಗೆಯೇ ಗೆದ್ದವನಿಗಿಂತ ಕೀಳು ಎಂದು ಯಾರೂ ಅಂದದ್ದಿಲ್ಲ. ಆಟಕ್ಕೆ ರೊಕ್ಕ ಸೋಕಬಾರದೆಂಬ ಮಡಿಯನ್ನು ನಿಯಮವಾಗಿ ಬರೆದಿಟ್ಟವರು ಇಂಗ್ಲೆಂಡಿನ ಸಿರಿವಂತರು. 1879ರಲ್ಲಿ ಹೆನ್ಲಿಯ ದೋಣಿ ಸ್ಪರ್ಧೆಗೆ ಮಾಡಿದ ನಿಯಮವಂತೂ ಕೈಕಸುಬಿನವರನ್ನು, ಕೂಲಿಕಾರರನ್ನು ಹೊರಗೇ ನಿಲ್ಲಿಸಿತು. ದೋಣಿ ನಡೆಸಿ ರೊಕ್ಕ ಪಡೆದಿರಬೇಕೆಂದೇ ಇಲ್ಲ, ಮೈಮುರಿದು ದುಡಿದು ತಿನ್ನುವವನಾಗಿದ್ದರೆ ಸಾಕು! ಅವರ ಕ್ರಿಕೆಟ್ಟಿನಲ್ಲಿ ‘ಜೆಂಟಲ್‌ಮನ್’ ಮತ್ತು ‘ಪ್ಲೇಯರ್’ ಎಂಬ ಎರಡು ಪಂಕ್ತಿಗಳು 1962ರವರೆಗೂ ಇದ್ದವು.

ಆ ಮಡಿಗೆ ಬಲಿಯಾದವನು ಅಮೆರಿಕದ ಮೂಲನಿವಾಸಿ ಜಿಮ್ ಥೋರ್ಪ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಮರುವರ್ಷ ಪದಕಗಳನ್ನು ಕಿತ್ತುಕೊಂಡರು. ಕಾರಣ, 1909 ಮತ್ತು 1910ರ ಬೇಸಿಗೆಗಳಲ್ಲಿ ಅವನು ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ. ಹಾಗೆ ಆಡಿದ ಕಾಲೇಜು ಹುಡುಗರು ಬೇಕಾದಷ್ಟು ಮಂದಿ ಇದ್ದರು. ಅವರು ಸುಳ್ಳು ಹೆಸರು ಕೊಟ್ಟು ಆಡುತ್ತಿದ್ದರು, ಇವನು ಸ್ವಂತ ಹೆಸರಿನಲ್ಲಿ ಆಡಿ ಸಿಕ್ಕಿಬಿದ್ದ. 1953ರಲ್ಲಿ ತೀರಿಕೊಂಡ. ಅವನೊಬ್ಬನೇ ವಿಜೇತ ಎಂದು ಒಲಿಂಪಿಕ್ ಸಮಿತಿ ಒಪ್ಪಿದ್ದು 2022ರಲ್ಲಿ.

ಅದೇ ಅಮೆರಿಕದ ಕಾಲೇಜುಗಳು ಒಂದು ಶತಮಾನ ಆ ಮಡಿಯನ್ನು ಉಳಿಸಿಕೊಂಡು ಬಂದು ಈಗ ಸಡಿಲಿಸಿವೆ. 2021ರಲ್ಲಿ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದೆಂದಾಯಿತು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದೆಂದಾಯಿತು. ಸಂಬಳಕ್ಕೆ ವೃತ್ತಿಪರ ಲೀಗಿನಲ್ಲಿ ಆಡಿದ್ದ ತರುಣರೂ ಅದೇ ವರ್ಷ ಕಾಲೇಜು ತಂಡಗಳಿಗೆ ಬಂದರು.

ನಮ್ಮಲ್ಲಿ ಹೆಣ್ಣುಮಕ್ಕಳ ವಿಷಯ ಬಂದರೆ ಈ ಮೈಲಿಗೆಗೆ ಇನ್ನೊಂದು ಬಣ್ಣ ಸೇರಿಕೊಳ್ಳುತ್ತದೆ. ಜಾತ್ರೆಯ ನಾಟಕವನ್ನೇ ನೋಡಿ. ಊರ ಗಂಡಸರು ಕೈಯಿಂದ ರೊಕ್ಕ ಹಾಕಿ ಪಾತ್ರ ಮಾಡುತ್ತಾರೆ, ಅವರು ಹವ್ಯಾಸಿ ಕಲಾವಿದರು. ಸ್ತ್ರೀ ಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಪಕ್ಕದ ಮರಿಯಮ್ಮನಹಳ್ಳಿ ಇಂಥ ಕಲಾವಿದೆಯರಿಗೆ ಹೆಸರಾದ ಊರು. ಇಡೀ ರಾತ್ರಿ ನಾಟಕವನ್ನು ಹೆಗಲ ಮೇಲೆ ಹೊತ್ತು ನಿಲ್ಲುವವಳು ಅವಳು, ಮಾತು ಮರೆತ ನಾಯಕನಿಗೆ ಮಾತು ಹೇಳಿಕೊಡುವವಳೂ ಅವಳೇ. ಬೆಳಗಾದ ಮೇಲೆ ಬಾಯಿಗೆ ಬಂದಂತೆ ಮಾತಾಡಿಸಿಕೊಳ್ಳುವವಳೂ ಅವಳೇ. ರೊಕ್ಕ ಕೊಟ್ಟವನಿಗೆ ಅಂಟದ ಕಳಂಕ ತೆಗೆದುಕೊಂಡವಳಿಗೆ ಹೇಗೆ ಅಂಟುತ್ತದೆಯೋ ತಿಳಿಯದು. ಹಪ್ಪಳ ಮಾಡಿ ಮಾರಿದ, ಹೊಲಿಗೆ ಹೊಲಿದು ಕಾಸು ಪಡೆದ ನಮ್ಮಲ್ಲಿ ಎಷ್ಟು ಮಂದಿಗೆ “ನಿನಗೇನು ಗತಿಗೇಡು ಬಂದಿತ್ತು?” ಎಂಬ ಮಾತು ಕೇಳಿ ಗೊತ್ತಿಲ್ಲ?

ಅಲ್ಲದೆ ನಮ್ಮ ಹುಡುಗಿಯರಿಗೆ ಆಟದಿಂದ ಸಿಗುವ ರೊಕ್ಕವಾದರೂ ಎಷ್ಟು? ಗಂಡಸರ ಪ್ರೊ ಕಬಡ್ಡಿ 2014ರಿಂದ ನಡೆಯುತ್ತ ಬಂದಿದೆ. 2016ರಲ್ಲಿ ಮೂರೇ ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ಮಾಡಿದರು, ಒಂದೇ ವರ್ಷಕ್ಕೆ ನಿಂತಿತು. ಕಾರ್ಕಳದ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡದ ನಾಯಕಿ, ಅವರಿಗೂ ಆಸರೆಯಾದದ್ದು ರೈಲ್ವೆ ನೌಕರಿ. ಕ್ರಿಕೆಟ್ಟಿನ ಮಾತು ಬೇರೆ. 2023ರ ಡಿಸೆಂಬರ್ ಹರಾಜಿನಲ್ಲಿ ಕರ್ನಾಟಕದ ವೃಂದಾ ದಿನೇಶ್ ಅವರಿಗೆ 1.3 ಕೋಟಿ ರೂಪಾಯಿ ಸಿಕ್ಕಿತು, ಆಗ ಅವರಿಗೆ 22 ವರ್ಷ. ಕಾಲೇಜಿನ ವಯಸ್ಸೇ!

ಇಷ್ಟಾದರೂ ಆ ತಾಯಿಯ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಅಂತರ ಕಾಲೇಜು ಪಂದ್ಯದ ಹೊತ್ತಿಗೆ ಮಾತ್ರ ಹೆಸರು ದಾಖಲಿಸಿ, ಗೆದ್ದುಕೊಟ್ಟು, ಮತ್ತೆ ಮುಖ ತೋರಿಸದ ಆಟಗಾರರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಅಂಥವರೊಬ್ಬರು ಒಳಬಂದರೆ ಒಬ್ಬಳು ಹೊರಹೋಗುತ್ತಾಳೆ. ಹಾಸ್ಟೆಲಿನಲ್ಲಿದ್ದು ದಿನಾ ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಬಂದ ಹುಡುಗಿ ಅವಳು. ಅವಳಿಗೆ ಆ ಜೆರ್ಸಿ ಬರೀ ಬಟ್ಟೆಯಲ್ಲ. ಬಳ್ಳಾರಿಯ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಮದುವೆಗೆ ಮುಂಚೆ ಒಮ್ಮೆಯಾದರೂ ರೈಲು ಹತ್ತಿ ಬೇರೆ ರಾಜ್ಯ ನೋಡಿ ಬರಲು ಮನೆಯವರು ಒಪ್ಪುವ ಒಂದೇ ಕಾರಣ ಅದು. ಕ್ರೀಡಾ ಕೋಟಾಕ್ಕೆ ಬೇಕಾದ ಸರ್ಟಿಫಿಕೇಟೂ ಅದೇ.

ಆದರೆ ಅವಳಿಗಾದ ಅನ್ಯಾಯ ಬಂದವಳು ಹಿಂದೆ ಎಂದೋ ರೊಕ್ಕ ಮುಟ್ಟಿದ್ದರಿಂದ ಆದದ್ದಲ್ಲ, ಬಂದವಳು ಆ ಕಾಲೇಜಿನವಳೇ ಅಲ್ಲ ಎಂಬುದರಿಂದ ಆದದ್ದು. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮವೂ ಈ ದಿಕ್ಕಿನಲ್ಲೇ ಇದೆ. ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ಪೂರ್ಣಾವಧಿ ನೌಕರಿಯಲ್ಲಿ ಇರಬಾರದು. ಈಗ ನೀನು ಏನಾಗಿದ್ದೀ ಎಂಬ ಪ್ರಶ್ನೆ ಅದು. ಲೀಗಿನಲ್ಲಿ ನಾಲ್ಕು ವರ್ಷ ಆಡಿ, ಮೊಣಕಾಲು ನೋವು ಮಾಡಿಕೊಂಡು, ಇನ್ನಾದರೂ ಒಂದು ಡಿಗ್ರಿ ಇರಲಿ ಎಂದು ಬಂದು ತರಗತಿಯಲ್ಲಿ ಕೂತವಳನ್ನು ನಾನಂತೂ ಸೇರಿಸಿಕೊಳ್ಳುತ್ತೇನೆ. ಅವಳ ಎದುರು ಆಡಿ ಸೋತ ಹುಡುಗಿಯರೂ ನಾಲ್ಕು ಪಟ್ಟು ಕಲಿಯುತ್ತಾರೆ. ಕಪ್ಪಿಗಾಗಿ ಹೆಸರು ಬರೆಸಿದವಳು ಎಷ್ಟೇ ‘ಹವ್ಯಾಸಿ’ಯಾಗಿದ್ದರೂ, ಒಂದು ಪೈಸೆ ಮುಟ್ಟಿರದಿದ್ದರೂ, ಬೇಡ.

ಇದನ್ನು ಪತ್ತೆಮಾಡಲು ದೊಡ್ಡ ಸಮಿತಿ ಬೇಕಿಲ್ಲ. ಜಾತ್ರೆಯಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಹುಡುಕಿಕೊಂಡು ಹೋಗುವುದನ್ನು ಬಿಟ್ಟು, ತಂಡದ ಪಟ್ಟಿಗೆ ಸಹಿ ಹಾಕುವ ಮೊದಲು ಪ್ರಿನ್ಸಿಪಾಲರು ಹಾಜರಿ ಪುಸ್ತಕ ತರಿಸಿಕೊಂಡು ನೋಡಿದರಾಯಿತು.