ಸ್ಪಿನೋಜಾನಿಗೆ ಸಿಕ್ಕ ಬಾಡಿಗೆ ಕೋಣೆ

ನೆದರ್ಲೆಂಡ್ಸಿನ ರೈನ್ಸ್‌ಬರ್ಗ್ ಈಗ ಹೂವಿನ ವ್ಯಾಪಾರದ ಊರು. ಲೈಡನ್‌ನಿಂದ ಸೈಕಲ್ ತುಳಿದರೆ ಅರ್ಧ ಗಂಟೆಯ ದಾರಿ. ಕರ್ನಾಟಕದಿಂದ ನೆಂಟರು ಬಂದರೆ ನಾನು ತಪ್ಪದೆ ತೋರಿಸುವುದು ಈ ಊರಿನ ಒಂದು ಚಿಕ್ಕ ಇಟ್ಟಿಗೆ ಮನೆಯನ್ನು. 1661ರಿಂದ 1663ರವರೆಗೆ ತತ್ತ್ವಜ್ಞಾನಿ ಬರೂಕ್ ಸ್ಪಿನೋಜಾ ಇದ್ದದ್ದು ಇಲ್ಲಿ, ಬಾಡಿಗೆಗೆ. ಮನೆಯ ಮಾಲೀಕ ಹರ್ಮನ್ ಹೋಮನ್ ಎಂಬ ಶಸ್ತ್ರವೈದ್ಯ.

ಬಾಡಿಗೆಗೆ ಎನ್ನುವುದನ್ನು ಒತ್ತಿ ಹೇಳಲು ಕಾರಣವಿದೆ. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಈ ಇಪ್ಪತ್ತಮೂರರ ಹುಡುಗನಿಗೆ ಬಹಿಷ್ಕಾರ ಹಾಕಿತು. ಅವನೊಂದಿಗೆ ಮಾತಾಡಬಾರದು, ನಾಲ್ಕು ಮೊಳದೊಳಗೆ ಸುಳಿಯಬಾರದು, ಅವನು ಬರೆದದ್ದನ್ನು ಓದಬಾರದು, ಒಂದೇ ಸೂರಿನಡಿ ಅವನೊಡನೆ ಇರಬಾರದು ಎಂಬುದು ಕಟ್ಟಳೆ. ಬೇರೆ ಧರ್ಮಕ್ಕೂ ಅವನು ಸೇರಲಿಲ್ಲ. ಯಾವ ಗುಂಪಿಗೂ ಸೇರದವನಿಗೆ ದೇವರು ಉಂಟೆ? ಈ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಅದಕ್ಕಿಂತ ಮುಂಚಿನ ಪ್ರಶ್ನೆಯೊಂದಿದೆ: ಅಂಥವನಿಗೆ ಮನೆ ಕೊಡುವವರು ಯಾರು?

ಕೊಟ್ಟದ್ದು ಈ ಹಳ್ಳಿ. ಅದಕ್ಕೂ ಹಿನ್ನೆಲೆಯಿದೆ. 1619ರಲ್ಲಿ ಡಾರ್ಟ್ ನಗರದ ಧರ್ಮಸಭೆ ಉದಾರವಾದಿ ಪಾದ್ರಿಗಳನ್ನು ಹೊರಹಾಕಿತು. ಪಾದ್ರಿಯಿಲ್ಲದೆ ಉಳಿದ ಕೆಲವರು ತಾವೇ ಕೂಟ ಕಟ್ಟಿಕೊಂಡರು. ಬೈಬಲ್ ಓದಿ, ಮಾತು ಹೊಳೆದವರು ಎದ್ದು ಮಾತಾಡುತ್ತಿದ್ದರು. ಕೊಲೆಜಿಯಂಟರು ಎನಿಸಿಕೊಂಡ ಇವರ ಕೇಂದ್ರ ರೈನ್ಸ್‌ಬರ್ಗ್. ಸ್ಪಿನೋಜಾನ ಗೆಳೆಯರಲ್ಲಿ ಹಲವರು ಈ ಬಳಗದವರು. ಕಲ್ಯಾಣದ ಅನುಭವ ಮಂಟಪದ ಕಥೆ ಕೇಳಿ ಬೆಳೆದ ನನಗೆ ಇವರು ದೂರದವರೆಂದು ಅನಿಸುವುದೇ ಇಲ್ಲ.

ಈಗ ವಸ್ತುಸಂಗ್ರಹಾಲಯವಾಗಿರುವ ಆ ಮನೆಯೊಳಗೆ, ಅವನ ಕಸುಬನ್ನು ನೆನಪಿಸುವ ಮಸೂರ ಉಜ್ಜುವ ಯಂತ್ರವಿದೆ, ಗೋಡೆಯುದ್ದಕ್ಕೂ ಹಳೆಯ ಪುಸ್ತಕಗಳಿವೆ. ಅವು ಅವನು ಮುಟ್ಟಿದ ಪ್ರತಿಗಳಲ್ಲ. 1677ರಲ್ಲಿ ಹೇಗ್‌ನಲ್ಲಿ ಅವನು ತೀರಿಕೊಂಡಾಗ, ಆಗಲೂ ಬಾಡಿಗೆ ಕೋಣೆಯಲ್ಲೇ, ಆಸ್ತಿಯ ಪಟ್ಟಿ ಬರೆದರು. ಅದರಲ್ಲಿದ್ದ ಸುಮಾರು 160 ಪುಸ್ತಕಗಳ ಅದೇ ಮುದ್ರಣಗಳನ್ನು ಅಭಿಮಾನಿಗಳು ಹುಡುಕಿ ತಂದು ಜೋಡಿಸಿದ್ದಾರೆ. 1942ರಲ್ಲಿ ನಾತ್ಸಿಗಳು ಇವನ್ನೂ ಹೊತ್ತೊಯ್ದರು. ಯುದ್ಧ ಮುಗಿದ ಮೇಲೆ ಮರಳಿ ಬಂದವು. 1920ರಲ್ಲಿ ಐನ್‌ಸ್ಟೈನ್ ಬಂದು ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿದ್ದಾರೆ.

ಇಲ್ಲಿ ಒಂದೇ ಸೂರಿನಡಿ ಸ್ಪಿನೋಜಾನ ಜೊತೆಗಿದ್ದ ವಿದ್ಯಾರ್ಥಿ ಯೋಹಾನೆಸ್ ಕಾಸೆಯಾರಿಯಸ್. ಅವನಿಗೆ ಹೇಳಿಕೊಟ್ಟ, ತತ್ತ್ವಜ್ಞಾನಿ ಡೆಕಾರ್ಟನ ವಿಚಾರಗಳ ಪಾಠಗಳೇ 1663ರಲ್ಲಿ ಪುಸ್ತಕವಾದವು; ಬದುಕಿದ್ದಾಗ ಸ್ಪಿನೋಜಾನ ಹೆಸರಲ್ಲಿ ಹೊರಬಂದದ್ದು ಅದೊಂದೇ. ಆ ಹುಡುಗ ಮುಂದೆ ಪಾದ್ರಿಯಾಗಿ ಕೊಚ್ಚಿಗೆ ಹೋದ. ನಮ್ಮ ಪಶ್ಚಿಮ ಕರಾವಳಿಯ ಗಿಡಮರಗಳನ್ನು ಕುರಿತ 'ಹಾರ್ಟಸ್ ಮಲಬಾರಿಕಸ್' ಗ್ರಂಥದ ಮೊದಲ ಸಂಪುಟಗಳಿಗೆ ಲ್ಯಾಟಿನ್ ಬರೆದುಕೊಟ್ಟವನು ಅವನೇ.

ದೇವರೂ ಪ್ರಕೃತಿಯೂ ಎರಡಲ್ಲ ಎಂದ ಸ್ಪಿನೋಜಾ. ಆ ಮಾತಿಗೆ ಯುರೋಪ್ ಬೆಚ್ಚಿಬಿತ್ತು. ನಮಗೆ ಅದು ಹೊಸದಲ್ಲ. ಹರಿಕಥೆಯಲ್ಲಿ, ಪ್ರವಚನದಲ್ಲಿ ಕೇಳಿ ತಲೆದೂಗಿದ್ದೇವೆ. ಎಲ್ಲೆಲ್ಲೂ ಅವನೇ ಎನ್ನುತ್ತೇವೆ. ಆದರೆ ಅಪ್ಪನ ಜೊತೆ ಮೈಸೂರಿನಲ್ಲಿ ಮನೆ ಹುಡುಕುತ್ತಾ ಅಲೆದಾಗ, ಗೇಟಿನಲ್ಲೇ ನಿಲ್ಲಿಸಿ ಕೇಳುತ್ತಿದ್ದ ಮೊದಲ ಮಾತು "ನೀವು ಯಾವ ಜನ?" ಉತ್ತರ ಕೇಳಿದೊಡನೆ ಮನೆ ಖಾಲಿಯಿಲ್ಲ ಎಂದಾಗಿಬಿಡುತ್ತಿತ್ತು. ಒಳಗಿನಿಂದ ಸಹಸ್ರನಾಮ ಕೇಳಿಬರುತ್ತಲೇ ಇತ್ತು. ಅಪ್ಪ ಏನೂ ಅನ್ನದೆ ಮುಂದಿನ ಬೀದಿಗೆ ನಡೆಯುತ್ತಿದ್ದರು. ಅದ್ವೈತವನ್ನು ಬಾಯಲ್ಲಿ ಆಡಿ ಬೀಗದಕೈಯನ್ನು ಜಾತಿಗೆ ಒಪ್ಪಿಸುವವರಿಗಿಂತ, ತತ್ತ್ವ ಬಲ್ಲವನೋ ಅಲ್ಲವೋ, ಬಾಗಿಲು ತೆರೆದ ಆ ಶಸ್ತ್ರವೈದ್ಯನೇ ನನಗೆ ಧಾರ್ಮಿಕನಾಗಿ ಕಾಣುತ್ತಾನೆ.

ಮನೆ ಬಾಡಿಗೆಗೆ ಕೊಡುವವರಲ್ಲಿ ನನ್ನದೊಂದು ಕೋರಿಕೆ. ಅಡ್ವಾನ್ಸ್ ಎಷ್ಟು ಕೊಡುತ್ತೀರಿ, ಎಷ್ಟು ಜನ ಇರುತ್ತೀರಿ, ಯಾವಾಗ ಬರುತ್ತೀರಿ ಎಂದು ಕೇಳಿ. ಯಾವ ಜನ ಎಂದು ಮಾತ್ರ ಕೇಳಬೇಡಿ.